ಸಂತೆಗೆ ಹೋಗುವ ಅಂಬಾಸಿಡರ್: ಒಂದು ವಾಹನ ಮೀಮಾಂಸೆ

ಪೀಠಿಕೆ

2021ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿ ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಯಾಗಲಿ ಬಾಡಿಯಾಗಲಿ ಎಂಜಿನ್ನಾಗಲಿ ಹೆಚ್ಚು ಬದಲಾಗದೆ ಮೂಲ ಸ್ವರೂಪದಲ್ಲೇ ಉಳಿದ ಕಾರು ಇನ್ನು ಮುಂದೆ ‘ವಿಂಟೇಜ್’ ಎನಿಸಿಕೊಳ್ಳಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಕಟ್ಟಿದರೆ ನಂಬರ್ ಪ್ಲೇಟಿನ ನಡುವೆ ‘ವಿಎ’ ಎಂಬ ಎರಡಕ್ಷರದ ಬಿರುದೂ ಸಿಗುತ್ತದೆ. ಬಿರುದು ಸಿಕ್ಕ ಮೇಲೆ ಮಾತ್ರ ಒಂದು ತೊಡಕಿದೆ. ಆ ಕಾರನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ್‍ಯಾಲಿ, ಇಂಧನ ತುಂಬಿಸುವುದು, ದುರಸ್ತಿ, ಇಷ್ಟಕ್ಕೆ ಮಾತ್ರ ಅದು ರಸ್ತೆಗಿಳಿಯಬಹುದು.

ಈ ನಿಯಮವನ್ನು ಬರೆದವರು ದಿಲ್ಲಿಯಲ್ಲಿದ್ದರು. ರೋಣದಿಂದ ಗಜೇಂದ್ರಗಡದ ಸಂತೆಗೆ ಉಳ್ಳಾಗಡ್ಡಿ ತರಲು ಹೊರಟ ಹಳೆಯ ಅಂಬಾಸಿಡರ್ ಒಂದನ್ನು ಅವರು ಹಿಂಬಾಲಿಸಿ ನೋಡಿದವರಲ್ಲ. ನೋಡಿದ್ದರೆ, ನಿಯಮ ಹೇಳುವ ಈ ಐದು ಉದ್ದೇಶಗಳನ್ನೂ ಆ ಕಾರು ಒಂದೇ ಹಗಲಿನಲ್ಲಿ, ಒಂದೇ ದಾರಿಯಲ್ಲಿ, ಹಲವು ಸಲ ನೆರವೇರಿಸುವುದು ಅವರ ಕಣ್ಣಿಗೆ ಬೀಳುತ್ತಿತ್ತು. ಸಂತೆಗೆ ಹೋಗುವುದೂ ತಾಂತ್ರಿಕ ಸಂಶೋಧನೆಯೇ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಉಳ್ಳಾಗಡ್ಡಿ ಆನುಷಂಗಿಕ.

ಕ್ಷೇತ್ರ ನಿರ್ಣಯ

ಅಧ್ಯಯನದ ವ್ಯಾಪ್ತಿ ರೋಣ, ನರಗುಂದ, ಗಜೇಂದ್ರಗಡ. ಗದಗ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಮೂರು ತಾಲ್ಲೂಕು ಕೇಂದ್ರಗಳು. ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಹಾಗಾಗಿ ನಮ್ಮ ಅಧ್ಯಯನದ ಕಾರು ವಯಸ್ಸಿನಲ್ಲಿ ಜಿಲ್ಲೆಗಿಂತ ಹಿರಿಯದು. ಮೊನ್ನೆ ಮೊನ್ನೆ ತಾಲ್ಲೂಕಾದ ಗಜೇಂದ್ರಗಡವಂತೂ ಅದರ ಕಣ್ಣೆದುರು ಹುಟ್ಟಿದ ಕೂಸು. ಆಡಳಿತ ಬದಲಾದಾಗಲೆಲ್ಲ ಈ ಕಾರು ನಿಂತಲ್ಲೇ ನಿಂತು ಊರು ಬದಲಿಸಿದೆ. ಚಲಿಸದೆ ಪ್ರಯಾಣ ಮಾಡುವ ಈ ಗುಣವನ್ನು ಮುಂದೆ ಇನ್ನೂ ನೋಡಲಿದ್ದೇವೆ.

ಮೂರೂ ಊರುಗಳಿಗೆ ರೈಲಿಲ್ಲ. ಗದಗಿನಿಂದ ಹೊರಟ ರೈಲು ರೋಣ ತಾಲ್ಲೂಕಿನ ಹೊಳೆ ಆಲೂರಿನಲ್ಲಿ ನಿಂತು, ಮಲಪ್ರಭೆಯನ್ನು ದಾಟಿ, ರೋಣದ ಮುಖ ನೋಡದೆ ಬಾದಾಮಿ, ಬಾಗಲಕೋಟೆಯ ಕಡೆ ಹೊರಟುಹೋಗುತ್ತದೆ. ಉಳಿದದ್ದು ಬಸ್ಸು, ಟಂಟಂ, ಕ್ರೂಸರ್. ಬಸ್ಸು ತನ್ನ ವೇಳೆಗೆ ಬರುತ್ತದೆ. ಟಂಟಂ ತುಂಬಿದ ಮೇಲೆ ಹೊರಡುತ್ತದೆ. ಕ್ರೂಸರ್ ತುಂಬಿದ ಮೇಲೂ ಇನ್ನಷ್ಟು ತುಂಬಿಕೊಂಡು ಹೊರಡುತ್ತದೆ. ಹಳೆಯ ಕಾರಿನ ಹೊರಡುವ ವೇಳೆ ಮಾತ್ರ ಯಾರ ಕೈಯಲ್ಲೂ ಇಲ್ಲ. ಆದ್ದರಿಂದ ಅದನ್ನು ಈ ಮೂರರ ಸಾಲಿಗೆ ಸೇರಿಸದೆ ಮಳೆ, ಬರ, ಚುನಾವಣೆಗಳ ಸಾಲಿಗೆ ಸೇರಿಸಿ ಅಭ್ಯಾಸ ಮಾಡುವುದು ಶಾಸ್ತ್ರೀಯ.

ಮಣ್ಣಿನ ಬಗ್ಗೆ ಒಂದೆರಡು ಮಾತು. ಇದು ಎರಿ ನೆಲ. ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದ ಮರುಗಳಿಗೆಯೇ ಅದು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತದೆ. ಹೊಲದ ದಾರಿಯಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಜಾಗ ತುಂಬಿ, ಗಾಲಿ ತಿರುಗುವುದನ್ನು ಬಿಟ್ಟು ಜಾರತೊಡಗುತ್ತದೆ. ಆಗ ಕೆಳಗಿಳಿದು ಕಟ್ಟಿಗೆ ತುಂಡಿನಿಂದ ಮಣ್ಣು ಕೆರೆಯಬೇಕು. ಈಗಿನ ಕಾರುಗಳಲ್ಲಿ ಆ ಜಾಗ ಸಣ್ಣದು, ಕೈ ಹೋಗುವುದಿಲ್ಲ. ಅಂಬಾಸಿಡರಿನಲ್ಲಿ ತೋಳು ಪೂರ್ತಿ ಒಳಗೆ ಹೋಗುತ್ತದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಮೂಲವಾಗಿಟ್ಟುಕೊಂಡು ಇದನ್ನು ರಚಿಸಿದವರು ರೋಣ ತಾಲ್ಲೂಕಿನ ಸವಡಿಯ ಹೊಲಗಳನ್ನು ಕಂಡಿರಲಿಲ್ಲ ಎಂದು ನಂಬುವುದು ಕಷ್ಟ.

ಬೆಣ್ಣೆಹಳ್ಳದ್ದು ಬೇರೆಯೇ ಅಧ್ಯಾಯ. ಹೆಸರಿಗೆ ಹಳ್ಳ, ಬಂದರೆ ಹೊಳೆ. ನವಲಗುಂದ, ನರಗುಂದ, ರೋಣದ ಸೀಮೆಯಲ್ಲಿ ಮೇಲೆಲ್ಲೋ ಮಳೆಯಾದರೆ ಇಲ್ಲಿ ಬಿಸಿಲಿರುವಾಗಲೇ ಯಾವಗಲ್ ಬಳಿ ನೀರು ಏರಿ ಕೂತಿರುತ್ತದೆ. ಹಳ್ಳ ಇಳಿಯುವುದನ್ನು ಕಾಯುತ್ತ ಸಾಲಾಗಿ ನಿಂತ ಗಾಡಿಗಳಲ್ಲಿ ಹೊಸ ಕಾರಿನವರು ಗಡಿಯಾರ ನೋಡುತ್ತಾರೆ. ಅಂಬಾಸಿಡರಿನವರು ಡಿಕ್ಕಿಯಿಂದ ಚಾಪೆ ತೆಗೆಯುತ್ತಾರೆ. ಅವಸರ ಮಾಡಿ ನೀರಿಗಿಳಿದವರ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ಹನಿ ಸೇರಿ, ಕಿಡಿ ಸತ್ತು, ಹಳ್ಳದ ನಟ್ಟನಡುವೆ ‘ಪ್ರದರ್ಶನ’ ಆರಂಭವಾಗುತ್ತದೆ. ನಿಯಮದ ಮೊದಲನೇ ಉದ್ದೇಶ ಅಲ್ಲಿಗೆ ಈಡೇರಿತು.

ಅಧ್ಯಯನದ ವಸ್ತು

ಕಲ್ಕತ್ತೆಯ ಹತ್ತಿರದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಗೆ ಹುಟ್ಟಿ, ಅಲ್ಲಿಯೇ 2014ರ ಮೇ ತಿಂಗಳಲ್ಲಿ ನಿಂತುಹೋದ ಹಿಂದೂಸ್ತಾನ್ ಅಂಬಾಸಿಡರಿನ ಮಾರ್ಕ್–2 ಎಂಬ ಶಾಖೆಗೆ ಸೇರಿದ್ದು ನಮ್ಮ ಕಾರು. ಎಂಜಿನ್ 1489 ಸಿಸಿ ಪೆಟ್ರೋಲ್. ಗೇರು ನಾಲ್ಕು, ಅದರ ಕೋಲು ಸ್ಟೇರಿಂಗಿನ ಕೆಳಗೆ. ಹೊಸಬರು ಕೂತರೆ ಎಸರಿನೊಳಗೆ ಸೌಟು ಆಡಿಸಿದಂತೆ ಆಡಿಸುತ್ತಾರೆ. ಒಂದನೇ ಗೇರೂ ಸಿಗುವುದಿಲ್ಲ, ರಿವರ್ಸೂ ಸಿಗುವುದಿಲ್ಲ. ಮುಂದಿನ ಸೀಟು ಒಂದೇ ಉದ್ದ ಬೆಂಚು. ಅದರಲ್ಲಿ ಎಷ್ಟು ಜನ ಕೂರಬಹುದೆಂಬ ಪ್ರಶ್ನೆಗೆ ಆರ್‌ಸಿ ಬುಕ್ಕಿನಲ್ಲಿ ಒಂದು ಉತ್ತರವಿದೆ, ಇಟಗಿ ಭೀಮವ್ವನ ಜಾತ್ರೆಯಲ್ಲಿ ಇನ್ನೊಂದು.

2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನು ಫ್ರಾನ್ಸಿನ ಪ್ಯೂಜೊ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಬರೀ ಹೆಸರಿಗೆ ಅಷ್ಟು ಹಣ ಎಂದು ಕೇಳಿದ ನಮ್ಮ ಓಣಿಯ ಹಿರಿಯರೊಬ್ಬರು, “ಹೆಸರು ಅವರಿಗಿರ್ಲಿ, ಗಾಡಿ ನಮ್ಮ ಕಡೆ ಐತಲ್ಲ” ಎಂದು ಸಮಾಧಾನ ಪಟ್ಟರು. ಒಡೆತನದ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ನಿರ್ವಚನ ಧರ್ಮಶಾಸ್ತ್ರಗಳಲ್ಲಿ ಸಿಗಲಿಲ್ಲ.

ಆರ್‌ಸಿ ಬುಕ್ಕನ್ನು ಇಲ್ಲಿ ಶಾಸನವೆಂದೇ ಪರಿಗಣಿಸಲಾಗಿದೆ. ಸೂಡಿಯ ಜೋಡು ಕಳಸದ ಗುಡಿಯನ್ನು ನೋಡಿ ಬಂದವರಿಗೆ ಶಾಸನದ ಕ್ರಮ ಗೊತ್ತು. ಮೊದಲು ವಂಶಾವಳಿ, ಆಮೇಲೆ ದಾನದ ವಿವರ, ಕೊನೆಗೆ ಶಾಪ. ಆರ್‌ಸಿ ಬುಕ್ಕಿನಲ್ಲೂ ಹಾಗೆಯೇ. ಮೊದಲ ಮಾಲೀಕ ಹತ್ತಿ ವ್ಯಾಪಾರಿ, ಅವನಿಂದ ಡಾಕ್ಟರು, ಡಾಕ್ಟರಿಂದ ಕಂತ್ರಾಟುದಾರ, ಅವನಿಂದ ಪ್ರಸ್ತುತ ಸಂಶೋಧಕನ ತಂದೆ. ನಡುವೆ ಒಂದು ಬ್ಯಾಂಕಿನ ಸಾಲದ ಮುದ್ರೆ ಬಂದು ಹೋಗಿದೆ. ಇದನ್ನು ಪರಕೀಯರ ಅಲ್ಪಕಾಲದ ಆಳ್ವಿಕೆ ಎಂದು ಓದಿಕೊಳ್ಳಬೇಕು. ಶಾಪದ ಭಾಗ ಬುಕ್ಕಿನಲ್ಲಿ ಬರೆದಿಲ್ಲ, ಬಾಯಿಪಾಠವಾಗಿ ಉಳಿದಿದೆ. ಈ ಗಾಡಿಯನ್ನು ಗುಜರಿಗೆ ಹಾಕಿದವನು ಏನಾಗುತ್ತಾನೆಂದು ತಂದೆಯವರು ಹೇಳಿದ ಮಾತನ್ನು ಸಭ್ಯತೆಯ ದೃಷ್ಟಿಯಿಂದ ಇಲ್ಲಿ ಕೊಡಲಾಗದು.

ಪದ್ಮಿನಿ ಪಂಥದವರ ಬಗ್ಗೆ ಮೌನ ವಹಿಸಿದರೆ ಪಕ್ಷಪಾತವಾದೀತು. ಫಿಯಟ್ 1100ರ ಕುಲದ, 1089 ಸಿಸಿಯ ಪ್ರೀಮಿಯರ್ ಪದ್ಮಿನಿಯೇ ನಿಜವಾದ ಕಾರು, ಅಂಬಾಸಿಡರ್ ಕಾರಿನ ಆಕಾರದ ಟ್ರ್ಯಾಕ್ಟರ್ ಎಂಬುದು ಅವರ ವಾದ. ಅವರ ಗ್ರಂಥಗಳನ್ನೂ ಓದಿದ್ದೇವೆ, ಅವರ ಗಾಡಿಗಳನ್ನೂ ದಬ್ಬಿದ್ದೇವೆ. ಹಗುರ ಎಂಬುದನ್ನು ಒಪ್ಪುತ್ತೇವೆ.

ಪೂರ್ವಸೂರಿಗಳು

ಈ ಸೀಮೆಯ ವಾಹನ ವಿಚಾರ ನಿನ್ನೆ ಮೊನ್ನೆಯದಲ್ಲ. 1031ರಲ್ಲಿ ಕನ್ನಡದಲ್ಲಿ ಪಂಚತಂತ್ರ ಬರೆದ ದುರ್ಗಸಿಂಹ ಕಿಸುಕಾಡು ನಾಡಿನ ಸಯ್ಯಡಿ ಅಗ್ರಹಾರದವನು. ಆ ಸಯ್ಯಡಿ ರೋಣ ತಾಲ್ಲೂಕಿನ ಇಂದಿನ ಸವಡಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಪಂಚತಂತ್ರದ ಕಥೆ ಶುರುವಾಗುವುದು ಎಲ್ಲಿಂದ? ವ್ಯಾಪಾರಕ್ಕೆ ಹೊರಟ ಸೆಟ್ಟಿಯ ಬಂಡಿಯ ಎತ್ತು ಸಂಜೀವಕ ನಡುದಾರಿಯಲ್ಲಿ ಕುಸಿಯುವುದರಿಂದ. ನೀತಿಶಾಸ್ತ್ರ, ರಾಜನೀತಿ, ನರಿಗಳ ಕುತಂತ್ರ ಎಲ್ಲವೂ ಆಮೇಲೆ ಬಂದವು. ಮೊದಲು ಬಂದದ್ದು ಬ್ರೇಕ್‌ಡೌನ್. ಈ ಅಂಶವನ್ನು ಸಾಹಿತ್ಯ ಚರಿತ್ರೆಕಾರರು ಅದೇಕೋ ಗಮನಿಸಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಮುಂದಿದೆ. ಕೆಟ್ಟು ನಿಂತ ಸಂಜೀವಕನನ್ನು ಅಲ್ಲಿಯೇ ಬಿಟ್ಟು ಹೋಗುತ್ತಾರೆ. ಅದು ಮೇವು ನೀರು ಕಂಡು ಚೇತರಿಸಿಕೊಂಡು, ಸಿಂಹವೇ ಬೆಚ್ಚುವಂತೆ ಗುಟುರು ಹಾಕುತ್ತದೆ. ಯಾವ ಮಿಸ್ತ್ರಿಯೂ ಕೈ ಹಚ್ಚದೆ ವಾಹನ ತಾನೇ ಸರಿಹೋಗುವ ಈ ಪ್ರಸಂಗವನ್ನು ಪಂಡಿತರು ಕಲ್ಪನೆಯೆಂದು ತಳ್ಳಿಹಾಕಿಯಾರು. ಏಪ್ರಿಲ್ ತಿಂಗಳ ಮಧ್ಯಾಹ್ನ ನರಗುಂದದ ರಸ್ತೆಯಲ್ಲಿ ನಿಂತವರು ಹಾಗೆ ಮಾಡಲಾರರು. ಬಿಸಿಲು 40 ಡಿಗ್ರಿ ಮುಟ್ಟಿದಾಗ ಎಂಜಿನ್ನಿನ ಕಾವು ಸೇರಿ, ಪಂಪಿನಲ್ಲಿಯೂ ಪೈಪಿನಲ್ಲಿಯೂ ಪೆಟ್ರೋಲು ಆವಿಯಾಗುತ್ತದೆ. ಪಂಪು ಆವಿಯನ್ನೇ ಹಿಂದೆ ಮುಂದೆ ಆಡಿಸುತ್ತ ಕೂರುತ್ತದೆ, ಕಾರ್ಬೊರೇಟರಿಗೆ ಹನಿಯೂ ಮುಟ್ಟುವುದಿಲ್ಲ. ಮಿಸ್ತ್ರಿಗಳು ಇದಕ್ಕೆ ಏರ್ ಹಿಡಿಯಿತು ಎನ್ನುತ್ತಾರೆ, ಪುಸ್ತಕಗಳು ವೇಪರ್ ಲಾಕ್ ಎನ್ನುತ್ತವೆ. ಪಂಪಿನ ಮೇಲೆ ಹಸಿ ಬಟ್ಟೆ ಹಾಕಿ, ಬಾನೆಟ್ಟು ತೆಗೆದಿಟ್ಟು, ಬೇವಿನ ಗಿಡದ ಕೆಳಗೆ ಅರ್ಧ ತಾಸು ಕೂತರೆ ಗಾಡಿ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಸವಡಿಯ ಕವಿ ಈ ಸೀಮೆಯ ಬಿಸಿಲು ಬಲ್ಲವನು. ಕಥೆಯಲ್ಲಿ ಹಸಿ ಬಟ್ಟೆಯ ಉಲ್ಲೇಖವಿಲ್ಲ ಎಂಬುದು ನಿಜ, ಮೇವು ನೀರಿನಲ್ಲಿ ಅದು ಅಡಗಿದೆ.

ಎರಡನೆಯ ಪೂರ್ವಸೂರಿ ಪಂಡಿತ ಭೀಮಸೇನ ಜೋಶಿ. 1922ರ ಫೆಬ್ರುವರಿ 4ರಂದು ರೋಣದಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಗುರುವನ್ನು ಹುಡುಕಿ ಟಿಕೀಟಿಲ್ಲದೆ ರೈಲು ಹತ್ತಿದ ಕಥೆ ಎಲ್ಲರಿಗೂ ಗೊತ್ತು. ಕೊನೆಗೆ ಗುರು ಸಿಕ್ಕಿದ್ದು ಮನೆಗೆ ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ದೊಡ್ಡವರಾದ ಮೇಲೆ ಅವರಿಗೆ ಸಂಗೀತದ ಆಚೆ ಇದ್ದ ದೊಡ್ಡ ಹುಚ್ಚು ಕಾರಿನದು. ದೂರದೂರದ ಕಚೇರಿಗಳಿಗೆ ಸ್ವತಃ ಸ್ಟೇರಿಂಗ್ ಹಿಡಿದು ಹೋಗುತ್ತಿದ್ದರು, ಎಂಜಿನ್ನಿನ ಒಳಗುಟ್ಟೂ ಅವರಿಗೆ ಚೆನ್ನಾಗಿ ತಿಳಿದಿತ್ತು. ಸಂಗೀತಶಾಸ್ತ್ರಜ್ಞರು ಇದನ್ನು ಹವ್ಯಾಸವೆಂದು ಅಡಿಟಿಪ್ಪಣಿಗೆ ತಳ್ಳಿದ್ದಾರೆ. ರೈಲು ಬಾರದ ಊರಿನಲ್ಲಿ ಹುಟ್ಟಿದವನಿಗೆ ಸ್ವಂತ ಗಾಡಿಯ ಮೇಲೆ ಇರುವುದು ಹವ್ಯಾಸವಲ್ಲ, ಜನ್ಮಾಂತರದ ಬಾಕಿ. ವಿಲಂಬಿತದಲ್ಲಿ ಶುರುಮಾಡಿ ದ್ರುತಕ್ಕೆ ಏರುವ ಮುನ್ನ ಎಷ್ಟು ಹೊತ್ತು ಬಿಸಿಯಾಗಬೇಕು ಎಂಬುದು ಹಳೆ ಎಂಜಿನ್ನು ಓಡಿಸಿದವರಿಗೆ ಹೇಳಿಕೊಡಬೇಕಾಗಿಲ್ಲ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಕಾಯುವ ಆ ಗಳಿಗೆಯಲ್ಲಿ ಪ್ರಸ್ತುತ ಸಂಶೋಧಕನಿಗೆ ಆಲಾಪದ ತತ್ತ್ವ ಹೊಳೆದಿದೆ. ಮನೆಯವರಿಗೆ ಇನ್ನೂ ಹೊಳೆದಿಲ್ಲ.

ಪ್ರಮಾಣ ವಿಚಾರ

ತರ್ಕಶಾಸ್ತ್ರದಲ್ಲಿ ಅನುಮಾನಕ್ಕೆ ಕೊಡುವ ಉದಾಹರಣೆ ಸಾವಿರಾರು ವರ್ಷಗಳಿಂದ ಒಂದೇ. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ. ಹೊಗೆಯಿಂದ ಅವರು ಹಿಡಿದದ್ದು ಬೆಂಕಿ ಒಂದನ್ನೇ. ಗಜೇಂದ್ರಗಡದ ಬೆಟ್ಟದ ಬುಡದಲ್ಲಿ ತಗಡಿನ ಶೆಡ್ಡಿನ ಕೆಳಗೆ ಕೂತ ಮಿಸ್ತ್ರಿ ಅದೇ ಹೊಗೆಯಿಂದ ಮೂರನ್ನು ಹಿಡಿಯುತ್ತಾನೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ರಿಂಗು ಸವೆದಿದೆ. ಕರಿ ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗಿದೆ, ಕಾರ್ಬೊರೇಟರ್ ಬಿಚ್ಚಬೇಕು. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಗೆ ಇಳಿಯುತ್ತಿದೆ. ಮೂರೂ ಬಣ್ಣ ಒಟ್ಟಿಗೆ ಬಂದಾಗ ಅವನು ಹೊಗೆಯನ್ನು ಬಿಟ್ಟು ಮಾಲೀಕನ ಮುಖ ನೋಡುತ್ತಾನೆ, ಅಂಗಿಯ ಜೇಬಿನ ಅಂದಾಜು ಕಟ್ಟುತ್ತಾನೆ. ನೈಯಾಯಿಕರು ಇದನ್ನು ಎಲ್ಲಿ ಸೇರಿಸುತ್ತಾರೋ ಕಾಣೆ.

ಕಿವಿಯಿಂದ ಹಿಡಿಯುವ ವಿದ್ಯೆ ಇನ್ನೂ ಸೂಕ್ಷ್ಮ. ಗಾಡಿ ತಿರುವಿನಲ್ಲಿ ಕಾಣಿಸಿಕೊಳ್ಳುವ ಮೊದಲೇ ಮಿಸ್ತ್ರಿ ಚಹಾದ ಬಟ್ಟಲು ಕೆಳಗಿಟ್ಟು, “ಮಾಸ್ತರ ಗಾಡಿ ಬಂತು, ಟ್ಯಾಪೆಟ್ ಸಡ್ಲ ಆಗೇತಿ” ಎಂದು ಹುಡುಗನಿಗೆ ಸ್ಪ್ಯಾನರ್ ತರಲು ಹೇಳಿರುತ್ತಾನೆ.

“ಅಲ್ಲೋ, ನಾ ಇನ್ನ ಗಾಡಿ ನಿಂದರ್ಸೇ ಇಲ್ಲ, ಏನಾಗೇತಿ ಅಂತ ಹೇಳೇ ಇಲ್ಲ!”

“ನೀವ್ ಹೇಳೂದ್ ಬ್ಯಾಡ್ರಿ ಮಾಸ್ತರ. ಅದ ಹೇಳ್ಕೋತ ಬರಾಕತ್ತೈತಿ.”

ಇದಕ್ಕೆ ಎದುರಾಗಿ ಈಗಿನ ಕಾರುಗಳಲ್ಲಿ ರೋಗಕ್ಕೆ ಒಂದು ಹಳದಿ ದೀಪ ಹತ್ತುತ್ತದೆ. ಆ ದೀಪಕ್ಕೆ ನೂರು ಅರ್ಥಗಳಿವೆ. ಅರ್ಥ ತಿಳಿಯಲು ಹುಬ್ಬಳ್ಳಿಗೆ ಹೋಗಿ ಕಂಪ್ಯೂಟರಿಗೆ ಹಚ್ಚಬೇಕು. ದೀಪ ಕವಿ, ಕಂಪ್ಯೂಟರ್ ವ್ಯಾಖ್ಯಾನಕಾರ, ಮಾಲೀಕ ಇಬ್ಬರಿಗೂ ದುಡ್ಡು ಕೊಡುವ ರಾಜ. ಅಂಬಾಸಿಡರಿನ ರೋಗ ಗದ್ಯದಲ್ಲಿದೆ.

ಸಹಕಾರ ತತ್ತ್ವ

ದೇಶದ ಮೊದಲ ಕೃಷಿ ಸಹಕಾರಿ ಸಂಘ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಹುಟ್ಟಿತು. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅದರ ಮುಂದಾಳು. ಒಬ್ಬನಿಂದ ಆಗದ್ದು ಹತ್ತು ಜನ ಕೈಗೂಡಿಸಿದರೆ ಆಗುತ್ತದೆ ಎಂಬ ತತ್ತ್ವ ಈ ಮಣ್ಣಿನಲ್ಲೇ ಏಕೆ ಮೊಳೆಯಿತು ಎಂದು ಅರ್ಥಶಾಸ್ತ್ರಜ್ಞರು ಬಗೆಬಗೆಯ ಕಾರಣ ಕೊಟ್ಟಿದ್ದಾರೆ. ಆಗ ಇಲ್ಲಿ ಕಾರುಗಳಿರಲಿಲ್ಲ ಎಂಬ ತಾಂತ್ರಿಕ ಅಡ್ಡಿ ಇಲ್ಲದಿದ್ದರೆ ನಾವು ಧಕ್ಕಾ ಸ್ಟಾರ್ಟನ್ನೇ ಮೂಲ ಕಾರಣವೆಂದು ಸಾಧಿಸುತ್ತಿದ್ದೆವು.

ಧಕ್ಕಾ ಸ್ಟಾರ್ಟಿನ ಯಂತ್ರತತ್ತ್ವ ಸರಳ. ಬ್ಯಾಟರಿ ಸತ್ತಿದೆ ಅಥವಾ ಸೆಲ್ಫ್ ತಿರುಗುತ್ತಿಲ್ಲ. ಕೀಲಿ ಆನ್ ಮಾಡಿ, ಕ್ಲಚ್ ಒತ್ತಿ, ಎರಡನೇ ಗೇರಿನಲ್ಲಿಟ್ಟು, ಹಿಂದಿನಿಂದ ದಬ್ಬಿಸಿ, ಓಟ ಸಿಕ್ಕಾಗ ಕ್ಲಚ್ ಬಿಟ್ಟರೆ ಗಾಲಿಗಳು ಎಂಜಿನ್ನನ್ನು ತಿರುಗಿಸುತ್ತವೆ. ಸಮಾಜತತ್ತ್ವ ಅಷ್ಟು ಸರಳವಲ್ಲ. ಗಾಡಿ ನಿಂತ ಕೂಡಲೇ ಎಲ್ಲಿಂದಲೋ ಜನ ಹುಟ್ಟುತ್ತಾರೆ. ಮೊದಲು ಬಂದವನು ಪೆಟ್ರೋಲು ಇದೆಯೇ ಎಂದು ಕೇಳುತ್ತಾನೆ. ಎರಡನೆಯವನು ಮೊದಲನೆಯವನ ಅಜ್ಞಾನಕ್ಕೆ ನಕ್ಕು ಪಾಯಿಂಟ್ ನೋಡಿರಿ ಎನ್ನುತ್ತಾನೆ. ಮೂರನೆಯವನು ಬಾಯಿ ಬಿಡದೆ ಹಿಂದೆ ಹೋಗಿ ಡಿಕ್ಕಿಗೆ ಭುಜ ಕೊಡುತ್ತಾನೆ. ದೇಶ ನಡೆಯುವುದು ಈ ಮೂರನೆಯವನಿಂದ. ನಾಲ್ಕನೆಯವನು ಮೊಬೈಲಿನಲ್ಲಿ ಚಿತ್ರ ತೆಗೆಯುವವನು, ನಿಯಮದಲ್ಲಿ ಹೇಳಿದ ಪ್ರದರ್ಶನಕ್ಕೆ ಅವನೇ ಸಾಕ್ಷಿ.

ಗಾಡಿ ಸ್ಟಾರ್ಟ್ ಆದ ಮೇಲೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಮತ್ತೆ ದಬ್ಬಬೇಕು. ಆದ್ದರಿಂದ ದಬ್ಬಿದವರಿಗೆ ಉಪಕಾರ ಸ್ಮರಣೆ ಮಾಡುವುದು ಕಿಟಕಿಯಿಂದ ಕೈ ಆಡಿಸಿಯೇ. ಕೆಲವರು ಓಡುತ್ತ ಬಂದು ಬಾಗಿಲು ತೆರೆದು ಒಳಗೆ ಕೂರುತ್ತಾರೆ, ಅವರನ್ನು ಹೊತ್ತೊಯ್ಯುವುದು ಸಹಕಾರಿ ಸಂಘದ ಲಾಭಾಂಶ ಹಂಚಿಕೆ.

ಸಂಧಿ ಮತ್ತು ವಿಗ್ರಹ

ದುರ್ಗಸಿಂಹ ಬರೀ ಕವಿಯಲ್ಲ, ಚಾಲುಕ್ಯ ಜಗದೇಕಮಲ್ಲನ ಸಂಧಿವಿಗ್ರಹಿ. ಯಾರೊಡನೆ ಸಂಧಿ, ಯಾರೊಡನೆ ಯುದ್ಧ ಎಂದು ನೋಡಿಕೊಳ್ಳುವ ಮಂತ್ರಿ. ಹಳೆ ಕಾರಿನ ಮಾಲೀಕನಿಗೂ ಮಿಸ್ತ್ರಿಗೂ ನಡುವೆ ಈ ಹುದ್ದೆ ಖಾಲಿ ಬಿದ್ದು ಬಹಳ ಕಾಲವಾಗಿದೆ.

ಗಜೇಂದ್ರಗಡದಲ್ಲಿ 1787ರಲ್ಲಿ ಒಂದು ಒಪ್ಪಂದವಾಯಿತು. ಒಂದು ಕಡೆ ಮರಾಠರೂ ನಿಜಾಮನೂ, ಇನ್ನೊಂದು ಕಡೆ ಟಿಪ್ಪು. ಟಿಪ್ಪು 48 ಲಕ್ಷ ರೂಪಾಯಿ ಕೊಡಬೇಕು, ಬಾದಾಮಿಯನ್ನು ಬಿಡಬೇಕು, ಪ್ರತಿಯಾಗಿ ಅವನನ್ನು ತಕ್ಕ ಬಿರುದಿನಿಂದ ಸಂಬೋಧಿಸಬೇಕು. ಅದೇ ಊರಿನಲ್ಲಿ ಕಾರು ಮಾಲೀಕ ಈಗಲೂ ಮಾಡಿಕೊಳ್ಳುವ ಒಪ್ಪಂದಗಳ ಕಲಮುಗಳು ಇವಕ್ಕಿಂತ ಬೇರೆಯಲ್ಲ. ಹಣ ಮೊದಲೇ ಕೊಡಬೇಕು. ವಶದಲ್ಲಿದ್ದ ಒಂದು ಅಮೂಲ್ಯ ಭಾಗವನ್ನು ಬಿಡಬೇಕು. ನಮ್ಮ ಪ್ರಸಂಗದಲ್ಲಿ ಅದು ಬಾದಾಮಿಯಲ್ಲ, ಮೂಲ ಡೈನಮೊ. ಅದರ ಜಾಗಕ್ಕೆ ಆಲ್ಟರ್ನೇಟರ್ ಬಂತು, ಡೈನಮೊ ಯಾರ ಕೋಟೆ ಸೇರಿತೋ ಇತಿಹಾಸ ಹೇಳುವುದಿಲ್ಲ. ಪ್ರತಿಯಾಗಿ ಸಿಗುವುದು “ಬರ್ರಿ ಸಾವ್ಕಾರ್ರ, ಕುಂದರ್ರಿ” ಎಂಬ ಸಂಬೋಧನೆ. ಚಹಾ ಒಪ್ಪಂದದ ಹೊರಗೆ.

ವ್ಯತ್ಯಾಸ ಒಂದೇ. ಆ ಒಪ್ಪಂದ ಎರಡು ವರ್ಷಕ್ಕೂ ಮಿಕ್ಕಿ ಬಾಳಿತು, ನಮ್ಮದು ನರೇಗಲ್ ದಾಟುವ ತನಕ.

ಮೂಲ ಸ್ವರೂಪ ಎಂಬ ತೊಡಕು

ನಿಯಮ ಕೇಳುವ ‘ಮೂಲ ಸ್ವರೂಪ’ದ ಬಗ್ಗೆ ಪ್ರಾಮಾಣಿಕವಾಗಿ ನಾಲ್ಕು ಮಾತು ಹೇಳಬೇಕು. ಪೆಟ್ರೋಲ್ ಟ್ಯಾಂಕು ಸೋರಿದಾಗ ದಾರಿಯಲ್ಲಿ ಸೋಪಿನ ತುಂಡು ತಿಕ್ಕಿ ಮುಚ್ಚುವುದು ರೂಢಿ. ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಷಿಣ ಪುಡಿ. ಇವೆರಡೂ ಕಾರ್ಖಾನೆಯಿಂದ ಬಂದ ಭಾಗಗಳಲ್ಲ ಎಂದು ಅಧಿಕಾರಿಗಳು ಆಕ್ಷೇಪಿಸಿದರೆ ನಮ್ಮಲ್ಲಿ ಉತ್ತರವಿಲ್ಲ. ಆದರೆ ಇದೇ ಕುಲದ ಎಷ್ಟೋ ಗಾಡಿಗಳ ಹೊಟ್ಟೆ ಸೀಳಿ ಡೀಸೆಲ್ ಎಂಜಿನ್ ಕೂರಿಸಿ ಟ್ಯಾಕ್ಸಿ ಮಾಡಿದ ಕಾಲದಲ್ಲೂ ನಮ್ಮದು 1489 ಸಿಸಿಯ ವ್ರತ ಬಿಡಲಿಲ್ಲ. 1990ರ ದಶಕದಲ್ಲಿ ಸ್ವತಃ ಕಂಪನಿಯೇ ಅಂಬಾಸಿಡರಿಗೆ ಜಪಾನಿನ ಇಸುಝು ಎಂಜಿನ್ ಹಾಕಿ ಓಡಿಸಿತು. ತಂದೆಯೇ ಮಡಿ ಬಿಟ್ಟ ಮೇಲೆ ಮಗನ ಮೈಲಿಗೆ ಕೇಳುವವರಾರು?

ಈಗ ಹೊಸ ಸಂಕಟ ಬಂಕಿನಲ್ಲಿದೆ. ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್. ಕಬ್ಬಿನಿಂದಲೂ ಗೋವಿನಜೋಳದಿಂದಲೂ ತೆಗೆದ ಈ ಮದ್ಯಸಾರ ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗೆ ಮಾಡಿ ತಿನ್ನುತ್ತದೆ. ತೇವ ಹೀರಿ ಟ್ಯಾಂಕಿನ ತಳಕ್ಕೆ ಇಳಿಸುತ್ತದೆ. ನಮ್ಮ ಹೊಲದ ಗೋವಿನಜೋಳವೇ ಸುತ್ತಿ ಬಳಸಿ ನಮ್ಮ ಗಾಡಿಯ ಹೊಟ್ಟೆಗೆ ಬರುತ್ತಿರಬಹುದು, ಕಾರಿಗೂ ಹೊಟ್ಟೆ ಕೆಡುತ್ತಿರುವುದಕ್ಕೆ ಇದೇ ಕಾರಣ. ಐವತ್ತು ವರ್ಷ ಶುದ್ಧ ಪೆಟ್ರೋಲಿನ ಪಥ್ಯದಲ್ಲಿದ್ದ ದೇಹ ಮುಪ್ಪಿನಲ್ಲಿ ಕುಡಿತ ಕಲಿತಿದೆ. ಪೈಪುಗಳನ್ನು ಬದಲಿಸಿದ್ದೇವೆ. ಅವೂ ಮೂಲ ಸ್ವರೂಪದ ಲೆಕ್ಕಕ್ಕೆ ಹೊರಗೆ.

ಪೂರ್ವಪಕ್ಷ

ಮೀಮಾಂಸೆಯ ಮರ್ಯಾದೆಯಂತೆ ಎದುರಾಳಿಯ ವಾದವನ್ನು ಪೂರ್ತಿಯಾಗಿ ಮಂಡಿಸಬೇಕು. ಎದುರಾಳಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ. ಹಬ್ಬಕ್ಕೆ ಊರಿಗೆ ಬಂದಾಗ, ಗಿಯರ್ ಹಾಕುವ ತಾಪತ್ರಯವೇ ಇಲ್ಲದ ತನ್ನ ಕಾರನ್ನು ಅಂಗಳದಲ್ಲಿ ನಿಲ್ಲಿಸಿ ವಾದ ಹೂಡುತ್ತಾನೆ.

“ಅಪ್ಪಾ, ಎಸಿ ಇಲ್ಲ, ಪವರ್ ಸ್ಟೇರಿಂಗ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಬ್ರೇಕ್ ಹಿಡುದ್ರ ಯಾವಾಗ ನಿಂದರ್ತತಿ ಗೊತ್ತಿಲ್ಲ.”

“ನಿಂದರೂದರ ಬಗ್ಗೆ ಈ ಗಾಡಿ ಮ್ಯಾಲ ಯಾರೂ ತಕರಾರು ಮಾಡಿಲ್ಲಪಾ.”

“ಮೈಲೇಜರ ಎಷ್ಟ ಬರತೈತಿ?”

ಇಲ್ಲಿ ಸಂಶೋಧಕನ ಪತ್ನಿ ಒಳಗಿನಿಂದ, “ದಬ್ಬಿದ್ದ ಹಿಡದೋ, ಬಿಟ್ಟೋ?” ಎಂದು ಕೇಳಿದ್ದನ್ನು ಪ್ರಕ್ಷಿಪ್ತವೆಂದು ಬಿಡಲಾಗಿದೆ.

ಮಗನ ಮಾತಿನಲ್ಲಿ ಸುರಕ್ಷತೆಯ ಭಾಗ ಸತ್ಯ. ಅದನ್ನು ಹಾಸ್ಯದಲ್ಲಿ ತೇಲಿಸುವುದು ಸರಿಯಲ್ಲ. ಬೆಲ್ಟಿಲ್ಲದ ಸೀಟು, ಗಟ್ಟಿ ಸ್ಟೇರಿಂಗ್ ಕಂಬ, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು, ಇವು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ಲಾರಿಗಳ ಜೊತೆ ಓಡಲು ತಕ್ಕ ಸಲಕರಣೆಗಳಲ್ಲ. ಆ ಹೆದ್ದಾರಿ ನರಗುಂದದ ಮೂಲಕವೇ ಹೋಗುತ್ತದೆ. ನಮ್ಮ ಸಂಶೋಧನೆ ಅದನ್ನು ಅಡ್ಡ ದಾಟುತ್ತದೆ, ಅದರ ಮೇಲೆ ಓಡುವುದಿಲ್ಲ. ಹಾಗೆಂದು ಒಳದಾರಿಯಲ್ಲಿ ನಮ್ಮ ವೇಗಕ್ಕೆ ಎತ್ತಿನ ಗಾಡಿಯವರು ದಾರಿ ಬಿಡುತ್ತಾರೆ ಎಂದು ಹೇಳಿಕೊಳ್ಳುವುದು ಅತಿಶಯೋಕ್ತಿ. ಕೆಲವರು ಬಿಡುತ್ತಾರೆ.

ಸೂಕ್ಷ್ಮವಾದ ಇನ್ನೊಂದು ಆಕ್ಷೇಪವನ್ನು ಮಗ ಎತ್ತಲಿಲ್ಲ, ನಾವೇ ಎತ್ತಿಕೊಳ್ಳುತ್ತೇವೆ. ‘ವಿಎ’ ಬಿರುದು ಕಡ್ಡಾಯವಲ್ಲವಲ್ಲ, ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿಕೊಂಡು ಸಾಮಾನ್ಯ ಹಳೆ ಗಾಡಿಯಾಗಿಯೇ ಸಂತೆಗೆ ಹೋಗಬಹುದಲ್ಲ, ಇಷ್ಟು ದೊಡ್ಡ ಪ್ರಬಂಧ ಏಕೆ? ಹೌದು, ಹೋಗಬಹುದು. ಇಷ್ಟು ವರ್ಷ ಹೋದದ್ದೂ ಹಾಗೆಯೇ. ಆದರೆ ಊರಿನಲ್ಲಿ ‘ಹಳೇ ಖಟಾರ’ ಎನಿಸಿಕೊಂಡದ್ದಕ್ಕೆ ಸರಕಾರ ಒಂದು ಗೌರವದ ಹೆಸರು ಕೊಡುತ್ತದೆ ಎಂದಾಗ ಬೇಡವೆನ್ನಲು ವೈರಾಗ್ಯ ಬೇಕು. ಆ ಹೆಸರು ತೆಗೆದುಕೊಂಡ ದಿನದಿಂದ ಗಾಡಿ ಹೊದಿಕೆ ಹೊದ್ದು ಕೂರಬೇಕು ಎಂದಾಗ ಒಪ್ಪಲು ಅದಕ್ಕಿಂತ ದೊಡ್ಡ ವೈರಾಗ್ಯ ಬೇಕು. ಎರಡೂ ನಮ್ಮಲ್ಲಿಲ್ಲ.

ಸಿದ್ಧಾಂತ

ನಿಯಮ ನಿಷೇಧಿಸುವುದು ನಿತ್ಯದ, ಕ್ರಮಬದ್ಧವಾದ ಬಳಕೆಯನ್ನು. ಈ ಗಾಡಿ ಯಾವ ದಿನ ಹೊರಡುತ್ತದೆ, ಹೊರಟರೆ ಎಲ್ಲಿ ನಿಲ್ಲುತ್ತದೆ, ನಿಂತರೆ ಯಾವಾಗ ಹೊರಡುತ್ತದೆ ಎಂಬುದಕ್ಕೆ ಯಾವ ಕ್ರಮವೂ ಇಲ್ಲ. ಕ್ರಮವಿಲ್ಲದ್ದನ್ನು ಕ್ರಮಬದ್ಧವೆಂದು ಕೇಸು ಹಾಕಲು ಆಗದು. ಇದು ಮೊದಲ ಹೇತು, ಇದೊಂದೇ ಸಾಕಿತ್ತು.

ಆದರೂ ಒಂದು ಸಂತೆಯ ದಿನದ ಕಲಾಪವನ್ನು ನಿಯಮಕ್ಕೆ ಹೊಂದಿಸಿ ನೋಡೋಣ. ಬೆಳಿಗ್ಗೆ ರೋಣದ ಬಂಕಿನಲ್ಲಿ ಪೆಟ್ರೋಲು, ಅದು ಇಂಧನ ತುಂಬಿಸುವಿಕೆ. ರಾಜೂರಿನ ಬಳಿ ಫ್ಯಾನ್ ಬೆಲ್ಟ್ ಹರಿದು ಇನ್ನೊಂದನ್ನು ಏರಿಸುವುದು ದುರಸ್ತಿ. ಅಷ್ಟರಲ್ಲಿ ಶಾಲೆ ಬಿಟ್ಟ ಹುಡುಗರು ಸುತ್ತ ನಿಂತು, ಒಬ್ಬ ಹಾರ್ನ್ ಒತ್ತಿ, ಇನ್ನೊಬ್ಬ ಸ್ಟೇರಿಂಗ್ ಮುಂದೆ ಕೂತರೆ ಅದು ಪ್ರದರ್ಶನ. ಏರು ಬಂದಾಗ ಹಿಂದಿನ ಟಂಟಂ, ಕ್ರೂಸರ್, ಬಸ್ಸು ದಾಟಲಾಗದೆ ಸಾಲುಗಟ್ಟಿ ಹಿಂಬಾಲಿಸಿದರೆ ಅದಕ್ಕೆ ರ್‍ಯಾಲಿ ಎಂಬುದನ್ನು ಬಿಟ್ಟು ಬೇರೆ ಹೆಸರು ನಮಗೆ ಗೊತ್ತಿಲ್ಲ. ಉಳಿಯುವುದು ತಾಂತ್ರಿಕ ಸಂಶೋಧನೆ. ಬಾನೆಟ್ಟು ಎತ್ತಿ, ತಲೆ ಒಳಗಿಟ್ಟು, ಹಾದಿಹೋಕರು ಕೊಟ್ಟ ಪರಸ್ಪರ ವಿರುದ್ಧ ಅಭಿಪ್ರಾಯಗಳನ್ನು ತೌಲನಿಕವಾಗಿ ಪರಿಶೀಲಿಸಿ, ಒಂದೊಂದನ್ನೂ ಪ್ರಯೋಗಕ್ಕೊಡ್ಡಿ, ವಿಫಲವಾದವನ್ನು ಕೈಬಿಡುವ ಕೆಲಸಕ್ಕೆ ವಿಶ್ವವಿದ್ಯಾಲಯಗಳಲ್ಲಿ ಡಾಕ್ಟರೇಟ್ ಕೊಡುತ್ತಾರೆ. ಇಲ್ಲಿ ಕೈಗೆ ಗ್ರೀಸ್ ಹತ್ತುತ್ತದೆ.

ಗಜೇಂದ್ರಗಡದ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು ಕಾಣತೊಡಗಿದರೆ ಊರು ಬಂತೆಂದು ಅರ್ಥ. ಬಂತು ಎಂದರೆ ಕಂಡಿತು ಎಂದಷ್ಟೇ. ಅಲ್ಲಿಂದ ಮುಂದೆ ರೇಡಿಯೇಟರಿನ ನೀರು ನಿರ್ಧರಿಸುತ್ತದೆ. ಸಂತೆ ಮುಗಿಯುವ ಮುನ್ನ ತಲುಪಿದರೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಸಾಧ್ಯವಾದರೆ ಮನೆಯವರಿಗೆ ಒಂದು ಗಜೇಂದ್ರಗಡದ ಸೀರೆ. ಡಿಕ್ಕಿಯಲ್ಲಿ ಚೀಲ ಇಟ್ಟ ಮೇಲೆ ಹಿಂದಿನ ಪಾಟಾ ಸ್ವಲ್ಪ ಕುಗ್ಗಿ ಗಾಡಿ ನೆಲಕ್ಕೆ ಕೂತಂತೆ ಓಡುತ್ತದೆ. ಇದನ್ನು ‘ಭಾರದ ಪರಿಣಾಮಗಳ ಕ್ಷೇತ್ರಾಧ್ಯಯನ’ ಎಂದು ದಾಖಲಿಸಿದ್ದೇವೆ. ಸೀರೆ ದಾಖಲೆಯಲ್ಲಿಲ್ಲ.

ವಿನಂತಿ

ಈ ಪ್ರಬಂಧವನ್ನು ಸಂಬಂಧಪಟ್ಟ ಅಧಿಕಾರಿಗಳು ಪರಿಶೀಲಿಸಿ, ಸಂಶೋಧನೆ ನಿಜವಾಗಿ ನಡೆಯುತ್ತಿದೆಯೇ ಎಂದು ಸ್ಥಳಕ್ಕೆ ಬಂದು ನೋಡಬಹುದು. ಮುಂದಿನ ಸಂತೆಗೆ ಹಿಂದಿನ ಸೀಟಿನಲ್ಲಿ ಮೂವರಿಗೆ ಜಾಗವಿದೆ. ಮೇಲಧಿಕಾರಿಗಳು ಮುಂದಿನ ಬೆಂಚಿನಲ್ಲಿ ಕಿಟಕಿ ಹತ್ತಿರ ಕೂರಬಹುದು, ಆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲವಾದ್ದರಿಂದ ಇಳಿಯುವಾಗ ಸಂಶೋಧಕನೇ ಹೊರಗೆ ಸುತ್ತಿ ಬಂದು ಗೌರವದಿಂದ ತೆರೆಯುತ್ತಾನೆ. ಬೂಟು ಬೇಡ, ಹಳೆ ಚಪ್ಪಲಿ ಇರಲಿ. ಹೋದ ವಾರ ಮಳಿ ಆಗೇತಿ, ಎರಿ ಹಸಿ ಐತಿ, ದಬ್ಬೂದು ಬರತೈತಿ.